ಹಾಸ್ಟೆಲ್‌ನ ಒಂದು ರೂಟರ್‌ನಿಂದ ಇಡೀ ಕಾಲೇಜಿನ ನೆಟ್‌ವರ್ಕ್ ನಿಂತಿತು. ಹೊಸದಾಗಿ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಕೆಂಗೇರಿ ಲ್ಯಾಬ್
ಮಂಗಳವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮೈಸೂರು ರಸ್ತೆ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸಿಸ್ಟಮ್ ಅಡ್ಮಿನ್. ಸೇರಿ ಏಳು ವರ್ಷ ಆಯಿತು. ನಾನು ಮತ್ತು ಲ್ಯಾಬ್ ನೋಡಿಕೊಳ್ಳುವ ಇನ್ನೊಬ್ಬ ಹುಡುಗ, ನಮ್ಮ ನೆಟ್‌ವರ್ಕ್ ವಿಭಾಗ ಅಂದರೆ ನಾವಿಬ್ಬರೇ.

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ 9:20ಕ್ಕೆ ಲ್ಯಾಬ್ ಇಂಟರ್ನಲ್ಸ್ ಶುರುವಾಯಿತು. 60 ಕಂಪ್ಯೂಟರ್. ಅದರಲ್ಲಿ ಅರ್ಧಕ್ಕರ್ಧ ಸರ್ವರ್ ಸಿಗುತ್ತಿಲ್ಲ ಎಂದವು. ಒಂದರಲ್ಲಿ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ನೋಡಿದೆ. ನಮ್ಮದು 10ರಿಂದ ಶುರುವಾಗಬೇಕು, ಅಲ್ಲಿ 192.168.1.37 ಎಂದಿತ್ತು. ಬೇರೆ ಯಾವುದೋ ಡಬ್ಬ ನಮ್ಮ ಕಂಪ್ಯೂಟರ್‌ಗಳಿಗೆ ಐಪಿ ಹಂಚುತ್ತಿದೆ ಎಂದು ಗೊತ್ತಾಯಿತು. ಆದರೆ ಎಲ್ಲಿಂದ? ಕಂಪ್ಯೂಟರ್ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ನಮ್ಮ ಸ್ವಿಚ್‌ಗಳಲ್ಲಿ ಹೆಚ್ಚಿನವು ಸಾದಾ ಸ್ವಿಚ್‌ಗಳು. ಅವನ್ನು ಕೇಳಿದರೆ ಏನೂ ಹೇಳುವುದಿಲ್ಲ. ಒಂದೊಂದೇ ಕಟ್ಟಡದ ಅಪ್‌ಲಿಂಕ್ (ಮುಖ್ಯ ನೆಟ್‌ವರ್ಕ್‌ಗೆ ಹೋಗುವ ಕೇಬಲ್) ಕಿತ್ತು ನೋಡುತ್ತಾ ಓಡಾಡಿದೆ. ಸಿಕ್ಕಿದ್ದು ಮಧ್ಯಾಹ್ನ ಒಂದೂವರೆಗೆ, ಹುಡುಗರ ಹಾಸ್ಟೆಲ್‌ನ ಎರಡನೇ ಮಹಡಿಯಲ್ಲಿ. ಒಬ್ಬ ಹುಡುಗ ಮನೆಯ ವೈಫೈ ರೂಟರ್ ತಂದಿದ್ದ. ಗೋಡೆಯ ಕೇಬಲ್ಲನ್ನು ಹೊರಗಿನ ಲೈನಿಗೆಂದು ಇರುವ ವ್ಯಾನ್ ಪೋರ್ಟಿಗೆ ಹಾಕುವ ಬದಲು, ಮನೆಯ ಕಂಪ್ಯೂಟರ್‌ಗಳಿಗೆಂದು ಇರುವ ಲ್ಯಾನ್ ಪೋರ್ಟಿಗೆ ಹಾಕಿದ್ದ. ಅಷ್ಟೇ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ರೂಮಿಗೆ ನಮ್ಮ ವೈಫೈ ತಲುಪುವುದೇ ಇಲ್ಲ. ನನ್ನನ್ನು ಕಾಡುತ್ತಿರುವುದು ಬೇರೆ. ಮೊದಲ ವರ್ಷದ ಒಬ್ಬಳು ಹುಡುಗಿ ಪ್ರೋಗ್ರಾಮ್ ಸರಿಯಾಗಿಯೇ ಬರೆದಿದ್ದಳು, ಸಬ್ಮಿಟ್ ಆಗಲಿಲ್ಲ. "ಸರ್, ನನ್ನ ಮಾರ್ಕ್ಸ್ ಹೋಗುತ್ತಾ?" ಎಂದು ಬಾಗಿಲಲ್ಲಿ ನಿಂತು ಅತ್ತಳು. ಮರುಪರೀಕ್ಷೆ ಮಾಡಿಸಿದೆವು. ಆದರೂ ಆ ಮುಖ ಮರೆಯಲು ಆಗುತ್ತಿಲ್ಲ.

ಈಗಿನ ಸ್ಥಿತಿ ಹೇಳುತ್ತೇನೆ. ನಾಲ್ಕು ಬ್ಲಾಕ್, ಎರಡು ಹಾಸ್ಟೆಲ್, ಸುಮಾರು 2,600 ವಿದ್ಯಾರ್ಥಿಗಳು. ಎಲ್ಲಾ ಸೇರಿ ಒಂದೇ ನೆಟ್‌ವರ್ಕ್, 10.0.0.0/16. ಸಿಸಿಟಿವಿ, ಬಯೋಮೆಟ್ರಿಕ್ ಹಾಜರಾತಿ, ಅಕೌಂಟ್ಸ್‌ನವರ ಟ್ಯಾಲಿ ಕಂಪ್ಯೂಟರ್, ಹಾಸ್ಟೆಲ್ ಹುಡುಗರ ಲ್ಯಾಪ್‌ಟಾಪ್ ಎಲ್ಲವೂ ಅದರಲ್ಲೇ. ವೈಫೈಗೆ ಒಂದೇ ಪಾಸ್‌ವರ್ಡ್, ಎಲ್ಲರಿಗೂ ಗೊತ್ತು. ಮೇನ್ ಬ್ಲಾಕ್‌ನಿಂದ ಲೈಬ್ರರಿಗೆ ತಾಮ್ರದ ಕೇಬಲ್ ಗಾಳಿಯಲ್ಲಿ ನೇತಾಡುತ್ತಾ ಹೋಗಿದೆ. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲಿಗೆ ಮೂರು ನಾಲ್ಕು ಸ್ವಿಚ್ ಹೋಗುತ್ತವೆ.

ಮ್ಯಾನೇಜ್‌ಮೆಂಟ್ ಈ ಸಲ ಹದಿನೆಂಟು ಲಕ್ಷದವರೆಗೆ ಕೊಡಲು ಒಪ್ಪಿದೆ. ಒಬ್ಬ ಸಪ್ಲೈಯರ್ ಬಂದು, ಒಂದು ದೊಡ್ಡ ಫೈರ್‌ವಾಲ್ ಹಾಕಿಸಿ, ಎಲ್ಲಾ ಸರಿಹೋಗುತ್ತದೆ ಎಂದರು. ಅದೊಂದಕ್ಕೇ ಹನ್ನೊಂದು ಲಕ್ಷ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಯಾಕೆ ಎಂದು ಪ್ರಿನ್ಸಿಪಾಲರಿಗೆ ಬಿಡಿಸಿ ಹೇಳಲು ಬರುತ್ತಿಲ್ಲ. ಇಂಥ ಕೆಲಸ ಮಾಡಿದವರು ದಾರಿ ತೋರಿಸಿ.

ರ‍್ಯಾಕ್ ರೂಮ್
ಬುಧವಾರ, ಬೆಳಿಗ್ಗೆ 6:15

ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ಬೆಂಗಳೂರಿನ ಒಂದು ಕ್ಯಾಂಪಸ್‌ನಲ್ಲಿ 21 ವರ್ಷ ಇದೇ ಕೆಲಸ ಮಾಡಿದವಳು ನಾನು. ಪ್ರಿನ್ಸಿಪಾಲರಿಗೆ ಹೀಗೆ ಹೇಳಿ: ಹಾಸ್ಟೆಲ್‌ನ ಆ ರೂಟರ್ ಲ್ಯಾಬ್ ಕಂಪ್ಯೂಟರ್‌ಗೆ ತಪ್ಪು ಐಪಿ ಕೊಟ್ಟಾಗ, ಆ ಮಾತುಕತೆ ಫೈರ್‌ವಾಲ್ ಹತ್ತಿರ ಹೋಗಲೇ ಇಲ್ಲ. ಫೈರ್‌ವಾಲ್ ಇರುವುದು ಕಾಲೇಜು ಮತ್ತು ಇಂಟರ್ನೆಟ್ ನಡುವೆ. ನಿಮ್ಮ ತೊಂದರೆ ಹುಟ್ಟಿದ್ದೂ ಒಳಗೆ, ಹರಡಿದ್ದೂ ಒಳಗೆ. ಹನ್ನೊಂದು ಲಕ್ಷದ ಡಬ್ಬ ಇದ್ದಿದ್ದರೂ ಆ ಸೋಮವಾರ ಅದೇ ಆಗುತ್ತಿತ್ತು.

ಎರಡು ವಾರ ಏನನ್ನೂ ಕೊಳ್ಳಬೇಡಿ. ಒಂದು ನೋಟ್‌ಬುಕ್ ಹಿಡಿದು ಪ್ರತಿ ಮಹಡಿ ನಡೆಯಿರಿ. ಯಾವ ರ‍್ಯಾಕ್‌ನಲ್ಲಿ ಯಾವ ಸ್ವಿಚ್, ಯಾವ ಪೋರ್ಟಿನಿಂದ ಎಲ್ಲಿಗೆ ಕೇಬಲ್, ಯುಪಿಎಸ್ ಇದೆಯಾ ಇಲ್ವಾ, ಎಲ್ಲಾ ಬರೆಯಿರಿ. ಕೇಬಲ್‌ನ ಎರಡೂ ತುದಿಗೆ ಲೇಬಲ್ ಅಂಟಿಸಿ. ನನಗೆ ಒಮ್ಮೆ ಸೆಮಿನಾರ್ ಹಾಲ್‌ನ ಫಾಲ್ಸ್ ಸೀಲಿಂಗ್ ಮೇಲೆ ಒಂದು ಸ್ವಿಚ್ ಸಿಕ್ಕಿತ್ತು. ಯಾರು ಇಟ್ಟರು ಎಂದು ಯಾರಿಗೂ ಗೊತ್ತಿಲ್ಲ, ಮೂರು ವಿಭಾಗ ಅದರ ಮೇಲೇ ನಡೆಯುತ್ತಿತ್ತು. ಈ ನಡಿಗೆ ಇಲ್ಲದೆ ಮಾಡುವ ಪ್ಲಾನ್ ಎಲ್ಲಾ ಊಹೆ.

ಮೊದಲ ಹಣ ಕಟ್ಟಡಗಳ ನಡುವಿನ ಫೈಬರ್‌ಗೆ ಹೋಗಲಿ. ತಾಮ್ರದ ಕೇಬಲ್ 100 ಮೀಟರ್ ದಾಟುವಂತಿಲ್ಲ, ಅದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು ಸಿಡಿಲು. ಎರಡು ಕಟ್ಟಡಕ್ಕೆ ಎರಡು ಬೇರೆ ಅರ್ಥಿಂಗ್ ಇರುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದಾಗ ಒಂದು ಕಡೆಯ ನೆಲದ ವೋಲ್ಟೇಜ್ ಏರುತ್ತದೆ, ಇನ್ನೊಂದು ಕಡೆ ಅಷ್ಟು ಏರುವುದಿಲ್ಲ. ಆ ವ್ಯತ್ಯಾಸ ನಿಮ್ಮ ತಾಮ್ರದ ಕೇಬಲ್ ಹಿಡಿದು ಸ್ವಿಚ್‌ಗೆ ಬರುತ್ತದೆ. ನೇತಾಡುವ ಕೇಬಲ್ ಆದರಂತೂ ಕೇಳಲೇಬೇಡಿ. ಫೈಬರ್ ಗಾಜು, ಕರೆಂಟ್ ಹರಿಯುವುದಿಲ್ಲ. ಒಳಗೆ ಲೋಹದ ಕವಚ ಇರುವ ಕೇಬಲ್ ತಂದರೆ ಆ ಕವಚವನ್ನು ಮಾತ್ರ ತಪ್ಪದೆ ಅರ್ಥ್ ಮಾಡಿಸಿ. ನಾವು ಫೈಬರ್‌ಗೆ ಬದಲಾದ ಮೇಲೆ ಬೇಸಿಗೆ ಮಳೆಗೆ ಹೆದರುವುದು ನಿಂತಿತು.

ಫೈಬರ್‌ನಲ್ಲಿ ಸಿಂಗಲ್ ಮೋಡ್ ಎಂಬ ಬಗೆಯದ್ದು ಹಾಕಿಸಿ. ನೆಲ ಅಗೆಯುವುದಕ್ಕೆ ಆಗುವ ಖರ್ಚಿನ ಮುಂದೆ ಗಾಜಿನ ಎಳೆಗಳ ಬೆಲೆ ಕಡಿಮೆ, ಆದ್ದರಿಂದ ಎರಡು ಎಳೆ ಸಾಕು ಎನ್ನುವ ಕಡೆ 12 ಎಳೆಯದ್ದು ಹಾಕಿಸಿ. ಪೈಪಿನ ಬಾಯಿಯನ್ನು ಭದ್ರವಾಗಿ ಮುಚ್ಚಿಸಿ. ಇಲ್ಲದಿದ್ದರೆ ಹೆಗ್ಗಣ ಒಳಗೆ ಹೋಗಿ ಕಡಿಯುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಆಮೇಲೆ ಸ್ವಿಚ್. ಕೊನೆಯ ಮಹಡಿಯ ಸ್ವಿಚ್ ಕೂಡ ಮ್ಯಾನೇಜ್ಡ್ ಆಗಿರಬೇಕು, ಅಂದರೆ ಅದರೊಳಗೆ ಏನಾಗುತ್ತಿದೆ ಎಂದು ನೋಡಿ ನಿಯಮ ಹಾಕಲು ಬರುವಂಥದ್ದು. ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ. ಕಂಪ್ಯೂಟರ್ "ನನಗೊಂದು ಐಪಿ ಕೊಡಿ" ಎಂದು ಕೂಗಿದಾಗ ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವರ ಮಾತು ನಡೆಯುತ್ತದೆ. ಸ್ನೂಪಿಂಗ್ ಇದ್ದರೆ ನಿಮ್ಮ ಅಪ್‌ಲಿಂಕ್ ಕಡೆಯಿಂದ ಬಂದ ಉತ್ತರ ಮಾತ್ರ ಒಳಗೆ ಬರುತ್ತದೆ. ರೂಮಿನ ಪೋರ್ಟಿನಿಂದ ಬಂದ ಉತ್ತರವನ್ನು ಸ್ವಿಚ್ ಅಲ್ಲೇ ಬಿಸಾಡುತ್ತದೆ. ಜೊತೆಗೆ ಬಿಪಿಡಿಯು ಗಾರ್ಡ್ ಹಾಕಿ. ಯಾರಾದರೂ ಒಂದೇ ಕೇಬಲ್‌ನ ಎರಡೂ ತುದಿಯನ್ನು ಗೋಡೆಗೆ ಚುಚ್ಚಿ ಲೂಪ್ ಮಾಡಿದರೆ ಆ ಪೋರ್ಟ್ ಮಾತ್ರ ಮುಚ್ಚುತ್ತದೆ, ಕಾಲೇಜು ನಡೆಯುತ್ತಿರುತ್ತದೆ. ಈ ಎರಡು ಸೌಲಭ್ಯ ಎಷ್ಟೋ ಕಡೆ ಸ್ವಿಚ್‌ನಲ್ಲೇ ಇರುತ್ತವೆ, ಯಾರೂ ಆನ್ ಮಾಡಿರುವುದಿಲ್ಲ. ನನಗೆ ಇದು ಬಹಳ ನೋವಿನ ವಿಷಯ.

ಇನ್ನು ಬೇರ್ಪಡಿಸುವುದು. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆ 1986ರಲ್ಲಿ ದೇಶದ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ನೆಟ್‌ವರ್ಕ್ ಆದ ಅರ್ನೆಟ್ ಶುರುವಾದಾಗಲೇ ಅದರಲ್ಲಿತ್ತು. ಆಗ ಇಂಥ ನೆಟ್‌ವರ್ಕ್‌ಗಳಲ್ಲಿ ಇದ್ದ ಯಂತ್ರಗಳು ಕೆಲವೇ, ಬಳಸುವವರೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಎಲ್ಲರೂ ಒಂದೇ ಹಜಾರದಲ್ಲಿ ಕೂತರೂ ನಡೆಯುತ್ತಿತ್ತು. ಈಗ ನಿಮ್ಮಲ್ಲಿ ಐದಾರು ಸಾವಿರ ಸಾಧನ ಇರಬಹುದು. ಐಪಿಯಲ್ಲೇ ಅರ್ಥ ಇರುವಂತೆ ಮಾಡಿ: ಎರಡನೇ ಅಂಕಿ ಕಟ್ಟಡ, ಮೂರನೆಯದು ಬಗೆ. 10.3.20.15 ಎಂದು ಕಂಡ ಕೂಡಲೇ ಮೂರನೇ ಕಟ್ಟಡ, ಸಿಬ್ಬಂದಿ ಎಂದು ಗೊತ್ತಾಗಬೇಕು. ಲ್ಯಾಬ್, ಸಿಬ್ಬಂದಿ, ವಿದ್ಯಾರ್ಥಿ ವೈಫೈ, ಕ್ಯಾಮೆರಾ, ಬಯೋಮೆಟ್ರಿಕ್, ಅಕೌಂಟ್ಸ್, ಸ್ವಿಚ್‌ಗಳ ನಿರ್ವಹಣೆ, ಒಂದೊಂದಕ್ಕೂ ಬೇರೆ ವಿಲ್ಯಾನ್, ಅಂದರೆ ಅವೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್. ಹಾಸ್ಟೆಲ್ ವೈಫೈಗೆ /22 ಅಳತೆಯ ಐಪಿ ಗುಂಪು ಕೊಟ್ಟರೆ 1,022 ವಿಳಾಸ ಸಿಗುತ್ತದೆ. ಒಂದೇ ವಿಲ್ಯಾನ್ ಅನ್ನು ಎಲ್ಲಾ ಕಟ್ಟಡಕ್ಕೂ ಎಳೆಯಬೇಡಿ. ಒಂದು ಕಟ್ಟಡದ ಗಲಾಟೆ ಅಲ್ಲೇ ನಿಲ್ಲಲಿ.

ಬೇರ್ಪಡಿಸಿದರೆ ಸಾಲದು, ನಡುವೆ ನಿಯಮ ಬರೆಯಬೇಕು. ಕ್ಯಾಮೆರಾ ತನ್ನ ರೆಕಾರ್ಡರ್ ಜೊತೆ ಮಾತ್ರ ಮಾತಾಡಲಿ. ಹಾಸ್ಟೆಲ್‌ನಿಂದ ಅಕೌಂಟ್ಸ್‌ಗೆ ದಾರಿಯೇ ಬೇಡ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಬಂದಿತ್ತಲ್ಲ, ಅದು ಒಂದು ವಿಂಡೋಸ್ ಯಂತ್ರದಿಂದ ಇನ್ನೊಂದಕ್ಕೆ 445ನೇ ಪೋರ್ಟಿನಿಂದ (ಇದು ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಯಂತ್ರದೊಳಗಿನ ಒಂದು ಬಾಗಿಲ ಸಂಖ್ಯೆ) ತಾನಾಗಿಯೇ ಹಾರುತ್ತಿತ್ತು. ಎಲ್ಲರೂ ಒಂದೇ ನೆಟ್‌ವರ್ಕ್‌ನಲ್ಲಿದ್ದ ಕಡೆ ಅದನ್ನು ತಡೆಯುವ ಗೋಡೆಯೇ ಇರಲಿಲ್ಲ.

ಫೈರ್‌ವಾಲ್ ಬೇಡ ಎನ್ನುತ್ತಿಲ್ಲ. ಬೇಕು. ಆದರೆ ಹದಿನೆಂಟರಲ್ಲಿ ಹನ್ನೊಂದು ಅದಕ್ಕೆ ಬೇಡ.

ಬಿ ಬ್ಲಾಕ್ ಹಾಸ್ಟೆಲ್
ಬುಧವಾರ, ರಾತ್ರಿ 11:52

ನಾನು ಬೇರೆ ಕಾಲೇಜಿನ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ದೊಡ್ಡವರ ನಡುವೆ ಮಾತಾಡುತ್ತಿದ್ದೇನೆ, ಆದರೆ ಇದು ಹೇಳಲೇಬೇಕು ಅನಿಸಿತು.

ಹಾಸ್ಟೆಲ್‌ನಲ್ಲಿ ರೂಟರ್ ಯಾಕೆ ತರುತ್ತಾರೆ ಅಂದರೆ ಸರ್ ಹೇಳಿದ್ದೇ ಕಾರಣ. ಎಪಿಗಳನ್ನು (ವೈಫೈ ಸಿಗ್ನಲ್ ಕೊಡುವ ಡಬ್ಬಗಳು) ಕಾರಿಡಾರ್‌ನಲ್ಲಿ ಸಾಲಾಗಿ ಹಾಕುತ್ತಾರೆ. ಕಾರಿಡಾರ್‌ನಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ, ಅಲ್ಲಿ ಯಾರೂ ಓದುವುದಿಲ್ಲ. ರೂಮಿಗೆ ಬರುವಾಗ ಗೋಡೆ, ಬಾತ್‌ರೂಮ್, ಕಬ್ಬಿಣದ ಬೀರು ದಾಟಬೇಕು. ನನ್ನ ಹಾಸಿಗೆ ಕಿಟಕಿ ಪಕ್ಕ, ಅಲ್ಲಿ ಒಂದು ಕಡ್ಡಿ. ರಾತ್ರಿ ಒಂಬತ್ತರಿಂದ ಒಂದರವರೆಗೆ ಅದೂ ಇಲ್ಲ. ನಾವು ಮೂವರು ಬಾಗಿಲ ಹತ್ತಿರ ನೆಲದ ಮೇಲೆ ಕೂತು ಅಸೈನ್‌ಮೆಂಟ್ ಅಪ್‌ಲೋಡ್ ಮಾಡುತ್ತೇವೆ.

ದಯವಿಟ್ಟು ರೂಟರ್ ತಂದವರಿಗೆ ದಂಡ ಎಂದು ನೋಟಿಸ್ ಹಾಕಿ ಬಿಡಬೇಡಿ. ನಮ್ಮಲ್ಲಿ ಹಾಗೆ ಮಾಡಿದರು. ಎಲ್ಲರೂ ರೂಟರ್ ಅನ್ನು ಬೀರುವಿನ ಒಳಗೆ ಇಟ್ಟು ಬಳಸುತ್ತಿದ್ದಾರೆ.

ಇನ್ನೊಂದು. ಫೋನ್ ಪ್ರತಿ ಎರಡು ದಿನಕ್ಕೆ ಲಾಗಿನ್ ಪುಟ ಕೇಳುತ್ತದೆ. ಫೋನಿನ ಮ್ಯಾಕ್ (ಅದು ನೆಟ್‌ವರ್ಕ್‌ಗೆ ತೋರಿಸುವ ಗುರುತಿನ ಸಂಖ್ಯೆ) ಬದಲಾಗುತ್ತದೆ ಅದಕ್ಕೇ ಎಂದು ಯಾರೋ ಹೇಳಿದರು. ಹೌದಾ?

ಲಾಗ್ ಪುಸ್ತಕ
ಗುರುವಾರ, ಬೆಳಿಗ್ಗೆ 9:05

@ಬಿ ಬ್ಲಾಕ್ ಹಾಸ್ಟೆಲ್, ಹೌದು. ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನುಗಳು ಪ್ರತಿ ವೈಫೈಗೂ ಒಂದು ನಕಲಿ ಮ್ಯಾಕ್ ತೋರಿಸುತ್ತವೆ. ನಿಮ್ಮನ್ನು ಯಾರೂ ಹಿಂಬಾಲಿಸಬಾರದು ಎಂದು ಮಾಡಿದ್ದು, ಒಳ್ಳೆಯದೇ. ಸಾಮಾನ್ಯವಾಗಿ ಒಂದು ವೈಫೈಗೆ ಅದೇ ಮ್ಯಾಕ್ ಉಳಿಯುತ್ತದೆ. ನೆಟ್‌ವರ್ಕ್ ಅಳಿಸಿ ಮತ್ತೆ ಸೇರಿದಾಗ, ಕೆಲವು ಫೋನುಗಳಲ್ಲಿ ಆಗಾಗ, ಬದಲಾಗುತ್ತದೆ. ಕೆಲವು ಕಡೆ ಲಾಗಿನ್ ಪುಟದ ಅವಧಿಯೇ ಎರಡು ದಿನ ಇರುತ್ತದೆ, ಅದನ್ನೂ ಕೇಳಿ ನೋಡಿ. ಏನೇ ಆದರೂ ಮ್ಯಾಕ್ ನೋಡಿ ಮನುಷ್ಯರನ್ನು ಗುರುತಿಸುವ ಕಾಲ ಮುಗಿಯಿತು.

@ಕೆಂಗೇರಿ ಲ್ಯಾಬ್, ಆದ್ದರಿಂದ ವೈಫೈಗೆ ಒಂದೇ ಪಾಸ್‌ವರ್ಡ್ ಬಿಡಿ, ಡಬ್ಲ್ಯುಪಿಎ2 ಎಂಟರ್‌ಪ್ರೈಸ್‌ಗೆ ಬನ್ನಿ. ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್. ಹಿಂದೆ ಆ ಹೆಸರು, ಪಾಸ್‌ವರ್ಡ್ ಸರಿಯೇ ಎಂದು ನೋಡುವ ಒಂದು ರೇಡಿಯಸ್ ಸರ್ವರ್ ಬೇಕು. ಫ್ರೀರೇಡಿಯಸ್ ಉಚಿತ, ಒಂದು ಹಳೆಯ ಸರ್ವರ್‌ನಲ್ಲೂ ನಡೆಯುತ್ತದೆ. ಎರಡು ಇಟ್ಟರೆ ಒಳ್ಳೆಯದು. ಇಷ್ಟು ಮಾಡಿದರೆ ಮುಂದೆ ಎಜುರೋಮ್ ಸೇರುವುದು ಸುಲಭ. ನಮ್ಮ ದೇಶದಲ್ಲಿ ಅದನ್ನು ಅರ್ನೆಟ್ ಇಂಡಿಯಾ ನೋಡಿಕೊಳ್ಳುತ್ತದೆ. ನಿಮ್ಮ ವಿದ್ಯಾರ್ಥಿ ಎಜುರೋಮ್ ಇರುವ ಬೇರೆ ಕ್ಯಾಂಪಸ್‌ಗೆ ಹೋದರೆ ಅದೇ ಲಾಗಿನ್‌ನಲ್ಲಿ ವೈಫೈ ಸಿಗುತ್ತದೆ.

ಒಂದು ಎಚ್ಚರಿಕೆ. ಇದು ನಿಜವಾಗಿ ಕಾಲೇಜಿನ ಸರ್ವರ್ ಎಂದು ತೋರಿಸುವ ಸರ್ಟಿಫಿಕೇಟ್ ನೋಡಬೇಡ ಎಂದು ಫೋನಿಗೆ ಹೇಳಿಸುವ ಅಭ್ಯಾಸ ಬೇಡ. ಹಾಗೆ ಮಾಡಿದರೆ ಯಾರೋ ಕ್ಯಾಂಟೀನಿನಲ್ಲಿ ಕೂತು ಅದೇ ಹೆಸರಿನ ವೈಫೈ ಎಬ್ಬಿಸಿ ಲಾಗಿನ್ ವಿವರ ಹಿಡಿಯಬಹುದು. 2020ರ ಕೊನೆಯಿಂದ ಆಂಡ್ರಾಯ್ಡ್‌ನವರು ಆ ಆಯ್ಕೆಯನ್ನೇ ತೆಗೆಯುತ್ತಾ ಬಂದಿದ್ದಾರೆ. ಅಡ್ಮಿಷನ್ ವಾರದಲ್ಲೇ ಒಂದು ಮೇಜು ಹಾಕಿ, ಪ್ರತಿ ಫೋನಿಗೂ ಸರಿಯಾಗಿ ಸೆಟ್ ಮಾಡಿಕೊಡಿ.

ಈಗ ಲಾಗ್, ಅಂದರೆ ಯಾರು ಯಾವಾಗ ನೆಟ್‌ವರ್ಕ್ ಬಳಸಿದರು ಎಂಬ ದಾಖಲೆ. ಇದನ್ನು ಯಾರೂ ಪ್ಲಾನ್‌ನಲ್ಲಿ ಬರೆಯುವುದಿಲ್ಲ. ನಾನು ಹಿಂದೆ ಇದ್ದ ಒಂದು ಸಂಸ್ಥೆಗೆ ಪೊಲೀಸರಿಂದ ಪತ್ರ ಬಂತು. ಇಂಥ ದಿನ, ಇಂಥ ಹೊತ್ತಿಗೆ, ನಿಮ್ಮ ಐಪಿಯಿಂದ ಒಬ್ಬ ಹೆಣ್ಣುಮಗಳಿಗೆ ಬೆದರಿಕೆ ಹೋಗಿದೆ, ಯಾರು? ಹೊರಗಿನಿಂದ ನೋಡಿದರೆ ನಮ್ಮ ಸಾವಿರಾರು ಜನ ಒಂದೇ ಐಪಿ. ಆ ಒಂದು ಐಪಿಯ ಹಿಂದೆ ಯಾವ ಹೊತ್ತಿಗೆ ಯಾರಿದ್ದರು ಎಂದು ತೋರಿಸುವ ನ್ಯಾಟ್ ಲಾಗ್ ಇಟ್ಟಿರಲಿಲ್ಲ. ಗಡಿಯಾರಗಳೂ ಹೊಂದುತ್ತಿರಲಿಲ್ಲ, ಒಂದು ಸ್ವಿಚ್ ಏಳು ನಿಮಿಷ ಹಿಂದೆ. ಆಗ ಏನಾಯಿತು ಗೊತ್ತಾ? ಕಂಪ್ಯೂಟರ್ ಚೆನ್ನಾಗಿ ಬರುವ ಒಬ್ಬ ಹುಡುಗನ ಮೇಲೆ ಅನುಮಾನ ಹೋಯಿತು. ಅವನ ಅಪ್ಪ ಊರಿನಿಂದ ಬಸ್ ಹತ್ತಿ ಬಂದು ಆಫೀಸಿನ ಹೊರಗೆ ಇಡೀ ದಿನ ಕೂತಿದ್ದರು. ಅವನು ಆ ದಿನ ಕ್ಯಾಂಪಸ್‌ನಲ್ಲೇ ಇರಲಿಲ್ಲ ಎಂದು ಮೂರು ವಾರದ ಮೇಲೆ ಬೇರೆ ದಾರಿಯಲ್ಲಿ ಗೊತ್ತಾಯಿತು. ನಮ್ಮ ಹತ್ತಿರ ಲಾಗ್ ಇದ್ದಿದ್ದರೆ ಹತ್ತು ನಿಮಿಷದಲ್ಲಿ ಅವನು ಬಿಡುಗಡೆ ಆಗುತ್ತಿದ್ದ. ಅಂದಿನಿಂದ ನಾನು ಲಾಗ್ ಬಗ್ಗೆ ಹಟ ಹಿಡಿಯುತ್ತೇನೆ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಓದಿ. ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಹೊಂದಿಸಬೇಕು. ನಮ್ಮ ವಕೀಲರು, ಇದು ನಮಗೂ ಅನ್ವಯ ಎಂದುಕೊಂಡೇ ನಡೆಯಿರಿ ಎಂದರು. ಇಡಬೇಕಾದದ್ದು ಯಾರು, ಯಾವಾಗ, ಯಾವ ಐಪಿ ಮತ್ತು ಪೋರ್ಟಿನಿಂದ ಹೊರಗೆ ಹೋದರು ಎಂಬುದು. ಮಕ್ಕಳು ಏನು ನೋಡಿದರು, ಏನು ಓದಿದರು ಎಂದು ಕೂಡಿಡುವುದು ನಮ್ಮ ಕೆಲಸವಲ್ಲ. ಅವಧಿ ಮುಗಿದ ಮೇಲೆ ಅಳಿಸಿ. ಲಾಗ್ ತೆರೆಯಲು ಇಬ್ಬರ ಅನುಮತಿ ಬೇಕು ಎಂದು ಬರೆದಿಡಿ.

ಕೇಬಲ್ ಪೋರ್ಟ್‌ಗಳಿಗೂ ಮೊದಲ ದಿನದಿಂದಲೇ 802.1ಎಕ್ಸ್ ಹಾಕಿ ಎಂಬುದು ನನ್ನ ಸಲಹೆ. ಲಾಗಿನ್ ಇಲ್ಲದೆ ಗೋಡೆಯ ಪೋರ್ಟ್ ಜೀವ ಪಡೆಯಬಾರದು.

ರ‍್ಯಾಕ್ ರೂಮ್
ಗುರುವಾರ, ಬೆಳಿಗ್ಗೆ 9:48

ಲಾಗ್ ವಿಷಯ ಪೂರ್ತಿ ಒಪ್ಪುತ್ತೇನೆ. ಆ ತಂದೆ ಹೊರಗೆ ಕೂತಿದ್ದನ್ನು ಓದಿ ಸಂಕಟವಾಯಿತು.

ಕೇಬಲ್ ಪೋರ್ಟ್‌ಗೆ ಮೊದಲ ವರ್ಷವೇ 802.1ಎಕ್ಸ್ ಮಾತ್ರ ಬೇಡ. ಪ್ರಿಂಟರ್, ಪ್ರೊಜೆಕ್ಟರ್, ಬಯೋಮೆಟ್ರಿಕ್ ಯಂತ್ರಗಳಲ್ಲಿ ಎಷ್ಟೋ ಇದನ್ನು ಮಾತಾಡುವುದಿಲ್ಲ. ಒಂದೊಂದಕ್ಕೂ ವಿನಾಯಿತಿ ಬರೆಯುತ್ತಾ ಇಬ್ಬರೇ ಇರುವ ತಂಡ ಸುಸ್ತಾಗುತ್ತದೆ, ಕೊನೆಗೆ ಬೇಸತ್ತು ಎಲ್ಲಾ ಆಫ್ ಮಾಡುತ್ತಾರೆ. ಖಾಲಿ ಪೋರ್ಟ್‌ಗಳನ್ನು ಮುಚ್ಚಿಡಿ, ಹಾಸ್ಟೆಲ್ ಪೋರ್ಟ್‌ಗೆ ಇಂತಿಷ್ಟೇ ಮ್ಯಾಕ್ ಎಂದು ಮಿತಿ ಹಾಕಿ. ಉಳಿದದ್ದು ಮುಂದಿನ ವರ್ಷ.

ಆ ಹುಡುಗಿ ಹೇಳಿದ್ದನ್ನು ಹಾಗೇ ಮಾಡಿ. ಎಪಿಗಳು ರೂಮಿನ ಒಳಗೆ ಬರಲಿ, ಎರಡು ಮೂರು ರೂಮಿಗೆ ಒಂದು, ಪವರ್ ಕಡಿಮೆ ಇಟ್ಟು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಲ್ಲಿ ಹೆಚ್ಚು ಎಪಿ ಹಚ್ಚಿದಷ್ಟೂ ಗದ್ದಲ. ಅರ್ಧದಷ್ಟು ಎಪಿಗಳಲ್ಲಿ 2.4 ಆಫ್ ಮಾಡಿ, 5 ಗಿಗಾಹರ್ಟ್ಸ್‌ಗೆ ಕೆಲಸ ಕೊಡಿ.

ಎಸ್‌ಪಿ ರೋಡ್ ಸುತ್ತಾಟ
ಗುರುವಾರ, ಮಧ್ಯಾಹ್ನ 2:30

ಖರೀದಿ ಬಗ್ಗೆ ಎರಡು ಮಾತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಹಳೆಯ ಮ್ಯಾನೇಜ್ಡ್ ಸ್ವಿಚ್ ಕಡಿಮೆ ಬೆಲೆಗೆ ಸಿಗುತ್ತವೆ. ಒಂದೆರಡು ತಂದು ಮೇಜಿನ ಮೇಲೆ ವಿಲ್ಯಾನ್, ಸ್ನೂಪಿಂಗ್ ಅಭ್ಯಾಸ ಮಾಡಿ, ಅದಕ್ಕೆ ಚೆನ್ನ. ಕಾಲೇಜಿನ ಮುಖ್ಯ ಜಾಗಕ್ಕೆ ಬೇಡ, ಕಂಪನಿ ಅಪ್‌ಡೇಟ್ ನಿಲ್ಲಿಸಿರುತ್ತದೆ.

ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಎಪಿಗೆ ಹೋಗುವ ಕರೆಂಟ್, ಅದರ ಲೆಕ್ಕ ಸರಿಯಾಗಿ ಹಾಕಿ. 24 ಪೋರ್ಟ್ ಇದೆ ಎಂದು 24 ಎಪಿ ನಡೆಯುವುದಿಲ್ಲ. ಸ್ವಿಚ್ ಮೇಲೆ ಒಟ್ಟು 370 ವ್ಯಾಟ್ ಎಂದಿದ್ದು, ಎಪಿಗೆ 30 ವ್ಯಾಟ್ ಬೇಕಾದರೆ 12ಕ್ಕೇ ಮುಗಿಯಿತು. ಯುಪಿಎಸ್ ಕೂಡ ಅದೇ ಲೆಕ್ಕದಲ್ಲಿ ತಗೊಳ್ಳಿ.

ಕೆಂಗೇರಿ ಲ್ಯಾಬ್
ಎರಡೂವರೆ ವಾರದ ನಂತರ, ಶುಕ್ರವಾರ, ಸಂಜೆ 7:10

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಹೇಳಿದಂತೆ ನಡೆದೆವು. ನನ್ನ ಲೆಕ್ಕದಲ್ಲಿ 26 ಸ್ವಿಚ್ ಇದ್ದವು. ಸಿಕ್ಕಿದ್ದು 41. ಒಂದು ಪ್ಲೇಸ್‌ಮೆಂಟ್ ಆಫೀಸಿನ ಬೀರುವಿನ ಹಿಂದೆ, ಇನ್ನೊಂದು ಹೆಣ್ಣುಮಕ್ಕಳ ಹಾಸ್ಟೆಲ್‌ನ ನೀರಿನ ಮೋಟಾರ್ ಪಕ್ಕದಲ್ಲಿ, ಮೇಲೆಲ್ಲಾ ತುಕ್ಕು.

ದೊಡ್ಡ ಆಘಾತ ಸಿಸಿಟಿವಿ ರೆಕಾರ್ಡರ್. ಹಾಕಿದವರು ಹೊರಗಿನಿಂದ ನೋಡಲಿ ಎಂದು ರೂಟರ್‌ನಲ್ಲಿ ಪೋರ್ಟ್ ತೆರೆದು ಹೋಗಿದ್ದರು. ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ. ಹಾಸ್ಟೆಲ್ ಗೇಟಿನ ಕ್ಯಾಮೆರಾ ಅದರಲ್ಲೇ ಇದೆ. ಅಲ್ಲಿ ಹೆಣ್ಣುಮಕ್ಕಳು ಓಡಾಡುತ್ತಾರೆ. ಕೈ ನಡುಗಿತು. ಆ ಸಂಜೆಯೇ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಪ್ರಿನ್ಸಿಪಾಲರಿಗೆ ಬರೆದು ಕೊಟ್ಟೆ. ಅವರು ಓದಿದ ಮೇಲೆ ದೊಡ್ಡ ಫೈರ್‌ವಾಲ್ ಮಾತು ತಾನಾಗಿಯೇ ಹಿಂದೆ ಸರಿಯಿತು.

ಇದ್ದ ಒಂಬತ್ತು ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸ್ನೂಪಿಂಗ್ ಆನ್ ಮಾಡಿದೆ. ಮೊದಲ ವಾರದಲ್ಲೇ ಇನ್ನೆರಡು ರೂಟರ್ ಸಿಕ್ಕವು. ರೂಮಿಗೆ ಹೋಗಿ, ಕೇಬಲ್ ಸರಿಯಾದ ಪೋರ್ಟಿಗೆ ಹಾಕಿಕೊಟ್ಟು, ರಜೆಯಲ್ಲಿ ರೂಮಿಗೇ ವೈಫೈ ಬರುತ್ತದೆ, ಅಲ್ಲಿವರೆಗೆ ಹೀಗೇ ಇರಲಿ ಎಂದು ಹೇಳಿ ಬಂದೆ. ಬಿ ಬ್ಲಾಕ್ ಅವರ ಮಾತು ನೆನಪಿತ್ತು. ಹಾಸ್ಟೆಲ್‌ನ ಎಂಟು ವಿದ್ಯಾರ್ಥಿಗಳು ಪ್ರತಿ ಹಾಸಿಗೆಯಲ್ಲೂ ಫೋನ್ ಇಟ್ಟು ಸಿಗ್ನಲ್ ಅಳೆದು ನಕ್ಷೆ ಮಾಡಿಕೊಟ್ಟಿದ್ದಾರೆ.

ಫೈಬರ್‌ಗೆ ಕೊಟೇಶನ್ ಬಂದಿದೆ. ಒಂದೇ ಪ್ರಶ್ನೆ ಉಳಿದಿದೆ. ಸೆಮಿಸ್ಟರ್ ರಜೆ ಮೂರು ವಾರ. ಎಲ್ಲಾ ಕಟ್ಟಡ ಒಂದೇ ರಾತ್ರಿ ಬದಲಿಸಲಾ, ಒಂದೊಂದೇ ಮಾಡಲಾ?

ರ‍್ಯಾಕ್ ರೂಮ್
ಶುಕ್ರವಾರ, ರಾತ್ರಿ 8:30

ಒಂದೊಂದೇ. ಲೈಬ್ರರಿ ಮೊದಲು, ಅಲ್ಲಿ ಏನಾದರೂ ನಿಂತರೂ ಒಂದು ದಿನ ತಡೆಯುತ್ತದೆ. ಆಮೇಲೆ ಹಾಸ್ಟೆಲ್, ಲ್ಯಾಬ್. ಅಕೌಂಟ್ಸ್ ಕೊನೆಗೆ, ಅದೂ ಸಂಬಳದ ವಾರ ಬಿಟ್ಟು. ಶುರು ಮಾಡುವ ಮುಂಚೆ ಪ್ರತಿ ಸ್ವಿಚ್‌ನ ಕಾನ್ಫಿಗ್ (ಸೆಟ್ಟಿಂಗ್‌ಗಳ ಪ್ರತಿ) ತೆಗೆದು ಬೇರೆ ಕಡೆ ಇಡಿ. ಹಳೆಯ ಸ್ವಿಚ್ ಅನ್ನು ರ‍್ಯಾಕ್‌ನಿಂದ ಇಳಿಸಬೇಡಿ, ಒಂದು ವಾರ ಹಾಗೇ ಇರಲಿ. ಕೈಕೊಟ್ಟರೆ ಕೇಬಲ್ ವಾಪಸ್ ಚುಚ್ಚಿ ಮನೆಗೆ ಹೋಗಬಹುದು. ಆ ಲ್ಯಾಬ್ ಹುಡುಗನ ಕೈಯಲ್ಲೇ ಒಂದು ಕಟ್ಟಡ ಮಾಡಿಸಿ, ನೀವು ಪಕ್ಕದಲ್ಲಿ ನಿಲ್ಲಿ. ನೀವು ರಜೆಯಲ್ಲಿದ್ದಾಗ ನೋಡಿಕೊಳ್ಳಬೇಕಾದವನು ಅವನೇ ಅಲ್ವಾ.

ಕೆಂಗೇರಿ ಲ್ಯಾಬ್
ಶುಕ್ರವಾರ, ರಾತ್ರಿ 8:52

ಹಾಗೇ ಮಾಡುತ್ತೇವೆ ಮೇಡಂ. ಲೈಬ್ರರಿಯನ್ನು ಅವನೇ ಮಾಡುತ್ತಾನಂತೆ, ಈಗಲೇ ಲೇಬಲ್ ಪ್ರಿಂಟ್ ಹಾಕುತ್ತಾ ಕೂತಿದ್ದಾನೆ. ಮುಗಿದ ಮೇಲೆ ಇಲ್ಲೇ ಬರೆಯುತ್ತೇನೆ.